ಕಡವಿನ ಕಾಕಾ ಕೇಳಿದ ಒಂದು ಮಾತು

ಮೊನ್ನೆ ಮಳೆಗೆ ತೊಯ್ದ ನನ್ನ ಹಳೆಯ ತೊಗಲಿನ ಚೀಲವನ್ನು ಅಂಗಳದ ಬಿಸಿಲಿಗೆ ಹಾಕಿ ಎಣ್ಣೆ ಸವರುತ್ತ ಕೂತಿದ್ದೆ. ಹಸಿ ತೊಗಲು, ಎಣ್ಣೆ, ಬಿಸಿಲು... ಮೂರೂ ಕೂಡಿದ ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳೆ ದಾಟುವ ಆನೆಗುಂದಿ ಕಡವಿನ ದಂಡೆ ಕಣ್ಣಿಗೆ ಕಟ್ಟಿತು. ಮಗುಚಿ ಹಾಕಿದ ಹರಿಗೋಲು, ಅದರ ತಳದ ತೊಗಲಿಗೆ ಅಂಗೈಯಿಂದ ಎಣ್ಣೆ ತಿಕ್ಕುತ್ತಿದ್ದ ಕಾಕಾ. ಚೀಲವನ್ನು ಅಲ್ಲೇ ಬಿಟ್ಟು ಒಳಗೆ ಬಂದು ಕೂತೆ. ಎಪ್ಪತ್ತು ದಾಟಿದ ಮೇಲೂ ನಾಚಿಕೆಗೆ ಮುಖ ಬಿಸಿಯಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ನಾನಾಗ ಕಮಲಾಪುರದ ಶಾಲೆಯಲ್ಲಿ ಹೊಸ ಮಾಸ್ತರ. ಯುದ್ಧದ ಕಾಲ. ಹೊಳೆಯ ಈಚೆ ದಂಡೆ ಮದ್ರಾಸ್ ಸರ್ಕಾರದ್ದು, ಆಚೆ ದಂಡೆ ನಿಜಾಮರದ್ದು. ಜನರನ್ನು ಆ ಕಡೆ ಈ ಕಡೆ ದಾಟಿಸುತ್ತಿದ್ದ ನಾಲ್ಕೈದು ಅಂಬಿಗರಲ್ಲಿ ಕಾಕಾ ಹಿರಿಯರು. ನನಗೆ ಸಂಬಂಧಿಕರೇನಲ್ಲ, ಕಡವಿನಲ್ಲಿ ಎಲ್ಲರೂ ಕರೆದಂತೆ ನಾನೂ ಕಾಕಾ ಎನ್ನುತ್ತಿದ್ದೆ. ನಡುಹೊಳೆಯಲ್ಲಿ ಹುಟ್ಟು ಎತ್ತಿ ಹಿಡಿದು ಅವರು ನಗುತ್ತಿದ್ದರು: “ನಿಮ್ಮ ರಾಜ್ಯ ಮುಗೀತ್ರಿ ಮಾಸ್ತರ. ಅವರದಿನ್ನಾ ಸುರು ಆಗಿಲ್ಲ. ಇದಿಷ್ಟು ನಂದ.”

ಹಂಪಿಯ ಕಲ್ಲಿನ ರಥ, ವಿರೂಪಾಕ್ಷನ ಗೋಪುರ ಯಾರಿಗೆ ಗೊತ್ತಿಲ್ಲ? ಕಾಕಾ ತೋರಿಸಿದ್ದು ಬೇರೆ. ನೀರು ಇಳಿದಾಗ ಮಾತ್ರ ಹತ್ತಿರ ಹೋಗಬಹುದಾದ ಬಂಡೆಯ ಮೇಲೆ ಸಾಲಾಗಿ ಕೊರೆದ ಲಿಂಗಗಳು. ಹೊಳೆಯೊಳಗೆ ಮುರಿದು ನಿಂತ ಹಳೇ ಸೇತುವೆಯ ಕಲ್ಲುಕಂಬಗಳು. ಅಂಜನಾದ್ರಿಯ ನೆರಳು ನೀರಿಗೆ ಬೀಳುವ ಹೊತ್ತು. ಮೊಣಕಾಲು ನೋವಿನವರು ಮಾತಂಗ ಬೆಟ್ಟವನ್ನು ಯಾವ ಕಡೆಯಿಂದ ಹತ್ತಬೇಕು ಎಂಬುದು ಕೂಡ. ಎರಡು ವರ್ಷ, ಹೆಚ್ಚುಕಡಿಮೆ ಪ್ರತಿ ಭಾನುವಾರ, ಅವರ ಹಿಂದೆ ಸುತ್ತಿದೆ. ಮಧ್ಯಾಹ್ನ ಅವರ ಮನೆಯಲ್ಲೇ ಊಟ. ನಮ್ಮದು ಲಿಂಗಪೂಜೆಯ ಮನೆತನ, ಅವರದು ಮೀನು ತಿನ್ನುವ ಮನೆ. ಕಾಕಾನ ಹೆಂಡತಿ ನನಗಾಗಿ ಬೇರೆ ಗಡಿಗೆ ಇಟ್ಟು, ಜೋಳದ ರೊಟ್ಟಿ, ಪುಂಡಿಪಲ್ಯೆ ಮಾಡಿ ಬಡಿಸುತ್ತಿದ್ದರು. ಕಾಕಿ ಎಂದರೆ ಖುಷಿ ಅವರಿಗೆ.

ಮನೆಗೆ ಬಂದು ಎಲ್ಲವನ್ನೂ ‘ನೋಡತಕ್ಕ ಸ್ಥಳಗಳು’ ಎಂಬ ಹೆಸರಿನ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹೊಸಪೇಟೆಗೆ ರೈಲಿನಲ್ಲಿ ಬಂದಿಳಿದ ಪ್ರವಾಸಿಗರು ಕ್ರಮೇಣ ನನ್ನನ್ನೇ ಕೇಳಿಕೊಂಡು ಬರತೊಡಗಿದರು. ಇದೆಲ್ಲ ಹೇಗೆ ತಿಳಿಯಿತು ಎಂದರೆ, ಓದಿದ್ದು ಎನ್ನುತ್ತಿದ್ದೆ. ಊರವರ ಎತ್ತಿನಲ್ಲಿ ಉತ್ತು ತನ್ನ ಹೊಲ ಎಂದವನ ಜಾತಿ ನನ್ನದು. ಆಗ ಹಾಗೆ ಅನಿಸಲಿಲ್ಲ.

ಎರಡನೇ ವರ್ಷದ ಬೇಸಿಗೆಯಲ್ಲಿ ಹೊಸ ಕಟ್ಟಳೆ ಬಂತು. ಹೊಳೆ ದಾಟಿ ಕಾಳುಕಡಿ, ಬಟ್ಟೆ ಕದ್ದು ಸಾಗುತ್ತದೆ ಎಂಬ ಅನುಮಾನ. ನೌಕರಿಯವರೋ ಜಮೀನಿನವರೋ ಅಧಿಕಾರಿಯ ಮುಂದೆ ನಿಂತು ‘ಇವನನ್ನು ಬಲ್ಲೆ, ನಂಬಿಗಸ್ತ’ ಎಂದರೆ ಮಾತ್ರ ಅಂಬಿಗನಿಗೆ ಪರವಾನಿಗೆ. ಇಲ್ಲದಿದ್ದರೆ ಹರಿಗೋಲು ನೀರಿಗಿಳಿಯುವ ಹಾಗಿಲ್ಲ.

“ಬರಿಯೂದು ಏನೂ ಬ್ಯಾಡ್ರಿ ಮಾಸ್ತರ. ಬಲ್ಲೆ ಅಂತ ಬಾಯಿಲೆ ಒಂದು ಮಾತು ಹೇಳ್ರಿ, ಸಾಕು,” ಎಂದರು ಕಾಕಾ. ಬರುವ ಭಾನುವಾರ ಸಾಹೇಬರು ಕಡವಿಗೆ ಬರುತ್ತಾರಂತೆ. “ಅದೇನು ದೊಡ್ಡ ಮಾತು ಕಾಕಾ!” ಎಂದು ನಕ್ಕುಬಿಟ್ಟೆ.

ಅದೇ ಭಾನುವಾರಕ್ಕೆ ಬಳ್ಳಾರಿಯಿಂದ ನಮ್ಮ ಮಾವನವರು ಬಂದಿಳಿದರು. ನನಗೆ ಮದುವೆಯಾಗಿ ಮೂರು ತಿಂಗಳಾಗಿತ್ತು. ಮಾವನವರು ಅಕ್ಕಿ ಗಿರಣಿಯ ಯಜಮಾನರು, ಪೂಜೆ ಮುಗಿಯದೆ ಗುಟುಕು ನೀರು ಕುಡಿಯದವರು. ಅಳಿಯ ಹಂಪಿಯ ವಿಷಯದಲ್ಲಿ ಭಾರಿ ಪಂಡಿತನೆಂದು ಕೇಳಿ, ಮಗಳೊಂದಿಗೆ ಎಲ್ಲ ನೋಡಬೇಕೆಂದು ಹಟ ಹಿಡಿದು ಬಂದಿದ್ದರು. ಗಾಡಿ ಕಟ್ಟಿಸಿ ಕಡವಿಗೆ ಕರೆದೊಯ್ದೆ.

ಕಾಕಾ ಜನರನ್ನು ಕೂರಿಸುತ್ತಿದ್ದದ್ದು ತೂಕ ನೋಡಿ. ಮಾವನವರದು ದೊಡ್ಡ ದೇಹ. ಅಂಚಿನ ಮೇಲೆ ಠೀವಿಯಿಂದ ಕೂತಿದ್ದವರನ್ನು ಎಬ್ಬಿಸಿದರು. “ಈ ಕಡಿ ಬರ್ರಿ ಯಜಮಾನ್ರ, ಕೆಳಗ ಕುಂದ್ರಿ. ದೊಡ್ಡವರು ಸಣ್ಣವರು ಅನ್ನೂದು ದಂಡಿ ಮ್ಯಾಲ. ಇಲ್ಲಿ ಬರೇ ತೂಕ.” ನನ್ನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇದು ಯಾವುದರ ತೊಗಲು ಎಂದು ಮಾವನವರು ಕೇಳಿದರು. ಎಮ್ಮೆಯದು ಎಂದಾಗ ಧೋತರವನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡರು. ಅಂಬಿಗರ ಮನೆಯಲ್ಲಿ ಉಂಡ ಅಳಿಯ ಎಂದು ಇವರಿಗೆ ಗೊತ್ತಾದರೆ?

ಆ ದಿನ ನಾನು ಅವರನ್ನು ಕಾಕಾ ಎನ್ನಲಿಲ್ಲ. ಅವರು ಅದನ್ನು ಗಮನಿಸಿದರೋ ಏನೋ, ಅವರೂ ನನ್ನನ್ನು ಮಾತಾಡಿಸಲಿಲ್ಲ. ನಾನು ಬಂಡೆಯ ಲಿಂಗಗಳನ್ನು ತೋರಿಸಿದೆ, ಸೇತುವೆಯ ಕಂಬ ತೋರಿಸಿದೆ, ಅವರಿಂದ ಕೇಳಿದ್ದನ್ನೆಲ್ಲ ಅವರೆದುರಿಗೇ ನನ್ನದೆಂಬಂತೆ ಒದರಿದೆ. ಕಾಕಾ ಹುಟ್ಟು ಹಾಕುತ್ತಿದ್ದರು. “ಭಾಳ ಓದೀರಿ ಬಿಡ್ರಿ ಅಳಿಯಂದ್ರ,” ಎಂದರು ಮಾವನವರು. ಉಬ್ಬಿಹೋದೆ.

ಆಚೆ ದಂಡೆ ಸುತ್ತಾಡಿ ವಾಪಸು ಬಂದಾಗ ಈಚೆ ಮರದ ಕೆಳಗೆ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಉಳಿದ ಅಂಬಿಗರದೆಲ್ಲ ಮುಗಿದಿತ್ತು. ಕಾಕಾ ತಲೆಯ ರುಮಾಲು ತೆಗೆದು ಮುಂದೆ ನಿಂತರು, ಕೈ ಮಾಡಿ ನನ್ನನ್ನು ತೋರಿಸಿದರು.

“ಏನ್ರಿ ಮಾಸ್ತರ, ಇವನ್ನ ಬಲ್ಲಿರೇನು?” ಎಂದರು ಸಾಹೇಬರು.

ಮಾವನವರು ನನ್ನ ಪಕ್ಕದಲ್ಲೇ ನಿಂತಿದ್ದರು, ಹೊಳೆಯಲ್ಲಿ ಕಾಲು ತೊಳೆದುಕೊಂಡು ಬಂದು. ನಾಲಿಗೆಯ ತುದಿಗೆ ಬಂದ ಮಾತು ಹಿಂದಕ್ಕೆ ಹೋಯಿತು... “ಇಲ್ರಿ. ಇವತ್ತ ನೋಡಿದ್ದು,” ಎಂದೆ.

ಕಾಕಾ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಸಿಟ್ಟಿರಲಿಲ್ಲ. ಸಾಹೇಬರ ಕಡೆ ತಿರುಗಿ, “ತಪ್ಪು ನಂದಾತ್ರಿ. ಇವರಲ್ಲ. ಇವರಂಗ ಇರೋ ಬ್ಯಾರೆ ಮಾಸ್ತರು,” ಎಂದರು. ಸಾಹೇಬರು ಕಾಗದದ ಮೇಲೆ ಏನೋ ಗೀಚಿ ಎದ್ದರು. ನಾನು ಗಾಡಿ ಹತ್ತಿದೆ.

ಮರುದಿನವೇ ಹೋಗಿ ಸಾಹೇಬರ ಕಾಲು ಹಿಡಿಯಬಹುದಿತ್ತು. ಹೋಗಲಿಲ್ಲ. ಇವತ್ತು, ನಾಳೆ ಎಂದು ಮಳೆಗಾಲ ಕಳೆಯಿತು. ದಸರೆಯ ನಂತರ ಕಡವಿಗೆ ಹೋದರೆ, ಕಾಕಾನ ಹರಿಗೋಲು ಮನೆಯ ಹಿಂದೆ ಬಿದ್ದಿತ್ತು. ತೊಗಲು ಒಣಗಿ ಸೀಳಿ, ಒಳಗಿನ ಬಿದಿರು ಕಾಣುತ್ತಿತ್ತು. ಕಾಕಾ ಸಂಡೂರಿನ ಗುಡ್ಡಕ್ಕೆ ಅದಿರು ಹೊರಲು ಹೋಗಿದ್ದರು.

“ಮಾಸ್ತರು ಬಂದ್ರ ಏನೂ ಕೇಳಬ್ಯಾಡ, ಉಣಿಸಿ ಕಳಸು ಅಂದಾರ್ರಿ,” ಎಂದರು ಕಾಕಿ. ರೊಟ್ಟಿ ತಟ್ಟಿದರು. ನಾನು ಕ್ಷಮೆ ಕೇಳಲಿಲ್ಲ; ಎರಡು ರೊಟ್ಟಿ ಉಂಡೆ. ಹೊರಗೆ ಬರುವ ಮುಂಚೆ, ಓಣಿಯಲ್ಲಿ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲ ಸಂದಿಯಿಂದ ಇಣುಕಿದೆ. ಎಲ್ಲಕ್ಕಿಂತ ಹೇಸಿಗೆ ಇದೇ.

ಮುಂದಿನ ಬೇಸಿಗೆಯಲ್ಲಿ ಸಂಡೂರಿನಲ್ಲೇ ಜ್ವರ ಬಂದು ಕಾಕಾ ತೀರಿಕೊಂಡರೆಂದು ಕೇಳಿದೆ. ಹೊಳೆಯಲ್ಲಿ ಬೆಳೆದ ಜೀವಕ್ಕೆ ಗುಡ್ಡ ಒಗ್ಗಲಿಲ್ಲ... ನಾನು ವರ್ಗ ಮಾಡಿಸಿಕೊಂಡು ಕಂಪ್ಲಿಗೆ ಬಂದೆ. ಆಮೇಲೆ ಯಾರಿಗೂ ಹಂಪಿ ತೋರಿಸಲಿಲ್ಲ.

ಚೀಲವನ್ನು ಬಿಸಿಲಲ್ಲೇ ಬಿಟ್ಟು ಬಂದ ಆ ದಿನ, ಇಷ್ಟು ವರ್ಷ ಬಚ್ಚಿಟ್ಟಿದ್ದನ್ನು ನನ್ನ ಹೆಂಡತಿಗೆ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ.

“ನನಗ ಅವತ್ತ ಗೊತ್ತಾಗಿತ್ತು,” ಎಂದಳು. “ಹರಿಗೋಲು ಹತ್ತೂ ಮುಂದ ಮಂದಿ ಬಿಟ್ಟ ಹತ್ತು ಹದಿನೈದು ಜೋಡು ಚಪ್ಪಲಿ ಮರದ ಬುಡಕ ಬಿದ್ದಿದ್ವು. ನೀವು ಇಲ್ಲ ಅಂದ ಮ್ಯಾಲ ಆ ಹಿರೇರು ಹೋಗಿ, ಯಾರನ್ನೂ ಕೇಳದ, ನಿಮ್ಮವನ್ನ ಆರಿಸಿ ತಂದು ನಿಮ್ಮ ಮುಂದ ಇಟ್ರು. ನೀವು ಮೆಟ್ಟಿಕೊಂಡು ನಡದ್ರಿ. ಅಪ್ಪಾರೂ ನೋಡಿದ್ರು. ಗಾಡಿಯೊಳಗ ನನ್ನ ಕಿವ್ಯಾಗ ಅಂದ್ರು, ಬಲ್ಲೆ ಅಂದಿದ್ರ ನಾನೇನು ಹೊಳಿಗೆ ಹಾರತಿದ್ನೇನು ಅಂತ.”

“ಮತ್ತ ನೀ ಯಾಕ ಇಷ್ಟು ದಿನ ಹೇಳಲಿಲ್ಲ?”

“ನೀವಾಗೇ ಹೇಳ್ತೀರಂತ ಕಾದೆ,” ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಕಾಕಾನೂ ಕಾದಿರಬೇಕು, ಆ ಗುಡ್ಡದ ಮೇಲೆ.