ಎಂಪಿಗೆ ಬಿದ್ದ ಎಂಟು ಕತ್ತರಿ

ಜನ್ನಾಪುರದಲ್ಲಿ ನಾನು ಕೂಗಿದ್ರೆ ಕಾರ್ಖಾನೆ ಸೈರನ್ನೇ ನಾಚ್ಕೊಳ್ತಿತ್ತು. ಅದಕ್ಕೇ ನಮ್ಮ ಯೂನಿಯನ್ ಕಾರ್ಯದರ್ಶಿ ಒಂದು ಪಟ್ಟಿ ಕೈಗಿಟ್ಟು, "ಕಾರ್ಮಿಕರ ಹತ್ತು ಮಸೂದೆಗೆ ಎಂಪಿ ದಿಲ್ಲೀಲಿ ಹೇಗೆ ಓಟು ಹಾಕಿದ್ರು ಅಂತ ಇದರಲ್ಲಿದೆ. ಸಭೇಲಿ ಅವರೆದುರೇ ಓದು, ಮಾನ ಹೋಗ್ಲಿ" ಅಂದ್ರು.

ಓದು ಬರಲ್ಲ ಅಂತ ಹೇಳೋಕೆ ನನ್ನ ಜಂಬ ಬಿಡಲಿಲ್ಲ. ಸಭೇಲಿ ಪಟ್ಟಿ ಬಿಚ್ಚಿದ್ರೆ ಎಂಟು ಕತ್ತರಿ ಗುರುತು, ಎರಡು ಸೊಟ್ಟ ಗೀಟು. ಆಗೆಲ್ಲ ಚುನಾವಣೇಲಿ ಓಟಿನ ಚೀಟಿ ಮೇಲೆ ಬೇಕಾದವರಿಗೆ ಒತ್ತೋದು ಕತ್ತರಿ ಮುದ್ರೆ ತಾನೆ? "ಹತ್ತಕ್ಕೆ ಎಂಟು! ಎಂಪಿ ಸಾಹೇಬರಿಗೆ ಜೈ!" ಅಂತ ಕೂಗಿ ಹಾರಾನೂ ಹಾಕಿಬಿಟ್ಟೆ.

ಕಾರ್ಯದರ್ಶಿ ಹಲ್ಲು ಕಡಿದರು: "ಮಾರಾಯ, ಕತ್ತರಿ ಅಂದ್ರೆ ನಮಗೆ ವಿರುದ್ಧ ಕಣೋ!"

ಅಷ್ಟರಲ್ಲಿ ಎಂಪಿ ಮೈಕು ಹಿಡಿದಿದ್ದರು: "ಮುಂದಿನ ಸಲ ಹತ್ತಕ್ಕೆ ಹತ್ತೂ ತಗೊಳ್ತೀನಿ!"

ಮುಂದಿನ ಪಟ್ಟೀಲಿ ಹತ್ತೂ ಕತ್ತರೀನೇ. ಕೊಟ್ಟ ಮಾತು ಉಳಿಸಿಕೊಂಡ ಎಂಪಿ, ನಾನು ಕಂಡಂತೆ, ಅವರೊಬ್ಬರೇ.