ಬಾರದ ಎದೆನೋವು

ಆ ದಿನ ನನಗೆ ಎದೆನೋವು ಬಂದಿರಲಿಲ್ಲ, ಸರೋಜಾ. ಸುಳ್ಳು ಹೇಳಿದೆ. ನಿನ್ನ ಅಕ್ಕನನ್ನು ಕೊನೆಯ ಸಲ ನೋಡುವುದು ತಪ್ಪಿದ್ದು ನಿನ್ನ ಗ್ರಹಚಾರದಿಂದಲ್ಲ — ನನ್ನ ಬಾಯಿಂದ.

ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸಿಕೊಂಡು ಶಿವಮೊಗ್ಗದ ಮನೆಗೆ ಬಂದ ಹೊಸತು. ಮಾಚೇನಹಳ್ಳಿಯ ನನ್ನ ಲೇತ್ ವರ್ಕ್‌ಶಾಪಿಗೆ ಬೀಗ ಬಿದ್ದಿತ್ತು. ಬಂದವರೆಲ್ಲ ಕಾಫಿ ಕುಡಿದು, ‘ಟೆನ್ಷನ್ ಮಾಡ್ಕೋಬೇಡಿ’ ಎಂದು ಉಪದೇಶಿಸಿ ಎದ್ದು ಹೋಗುತ್ತಿದ್ದರು. ಮಾಡಿಕೊಳ್ಳದೆ ಇರುವುದು ಹೇಗೆ ಅಂತ ಒಬ್ಬ ಪುಣ್ಯಾತ್ಮನೂ ಹೇಳಲಿಲ್ಲ! ನನಗೋ — ಹೊಟ್ಟೆಯಲ್ಲಿ ಗ್ಯಾಸ್ ಆಡಿದರೂ ಕಥೆ ಮುಗಿಯಿತು ಅನ್ನಿಸುತ್ತಿತ್ತು. ಬಚ್ಚಲಿಗೆ ಚಿಲಕ ಹಾಕುತ್ತಿರಲಿಲ್ಲ. ನೀನು ಹಾಲು ತರಲು ಹೋದರೆ, ಗೇಟಿನ ಸದ್ದಾಗುವ ತನಕ ಜೀವ ಕೈಯಲ್ಲಿ... ಆಸ್ಪತ್ರೆಯ ವ್ಯಾಯಾಮದ ಕ್ಲಾಸಿನಲ್ಲಿ ಹೇಳಿಕೊಡುತ್ತಿದ್ದ ಹುಡುಗಿ ಕೇಳಿಯೂ ಇದ್ದಳು, ‘ಒಬ್ರೇ ಇದ್ರೆ ಭಯ ಆಗುತ್ತಾ ಸಾರ್? ಹೇಳಿ, ಅದಕ್ಕೂ ಡಾಕ್ಟ್ರಿದಾರೆ.’ ನಾನು ನಕ್ಕುಬಿಟ್ಟೆ. ‘ಭಯನಾ? ನಂಗಾ?’ ಎಂಥ ಗಂಡಸುತನವೋ, ಸುಡುಗಾಡು.

ಆ ಬೆಳಿಗ್ಗೆ ಭದ್ರಾವತಿಯಿಂದ ಫೋನು. ಕ್ಯಾನ್ಸರ್‌ನಿಂದ ಹಾಸಿಗೆ ಹಿಡಿದಿದ್ದ ಅಕ್ಕ ನಿನ್ನನ್ನೇ ಕೇಳುತ್ತಿದ್ದಾಳೆ, ಬಂದು ಹೋಗು ಅಂತ. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಅವಳಿಗೆ ಸೇರುತ್ತದೆಂದು ನೀನು ತಿಳಿಸಾರು ಮಾಡಿ ಡಬ್ಬಿಗೆ ತುಂಬಿಕೊಂಡು, ಚಪ್ಪಲಿ ಮೆಟ್ಟಿ ನಿಂತೆ. ‘ಸಂಜೆ ಒಳಗೆ ಬಂದ್ಬಿಡ್ತೀನಿ ರೀ.’ ಭಯ ಆಗ್ತಿದೆ, ಹೋಗಬೇಡ — ಇಷ್ಟು ಹೇಳಲು ನನಗೆ ನಾಲಿಗೆ ಏಳಲಿಲ್ಲ. ‘ಎದೆ ಹಿಡ್ದಂಗಾಗ್ತಿದೆ ಕಣೇ’ ಎನ್ನಲು ಮಾತ್ರ ಎಷ್ಟು ಸಲೀಸಾಗಿ ಹೊರಳಿತು!

ಆಟೋ, ಆಸ್ಪತ್ರೆ, ಇಸಿಜಿ. ಏನೂ ಇಲ್ಲ ಎಂದರು. ಅದು ನನಗೆ ಮೊದಲೇ ಗೊತ್ತಿತ್ತಲ್ಲ. ನಾಳೆ ನಿನ್ನನ್ನು ಕಳಿಸಿದರಾಯಿತು ಅಂದುಕೊಂಡೆ. ಸಂಜೆಯೇ ಅಕ್ಕ ಹೋದ ಸುದ್ದಿ ಬಂತು. ಡಬ್ಬಿ ಇನ್ನೂ ನಿನ್ನ ಬ್ಯಾಗಿನಲ್ಲೇ ಇತ್ತು.

ಭದ್ರಾವತಿಗೆ ಹೋದಾಗ ಅಲ್ಲಿ ಜನ ಕೇಳಿದರು, ಬೆಳಿಗ್ಗೆಯೇ ಯಾಕೆ ಬರಲಿಲ್ಲ? ‘ಪಾಪ, ಇವ್ರಿಗೇ ಹುಷಾರಿರ್ಲಿಲ್ಲ’ ಎಂದೆ ನೀನು. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ ನಾನು ಎದೆ ಮುಟ್ಟಿಕೊಂಡೆ. ಅದನ್ನು ಕಂಡು ನೀನು ಅಳುವುದನ್ನು ಬಿಟ್ಟು ನನಗೆ ನೀರು ತರಲು ಓಡಿದೆ. ಆ ನೀರನ್ನೂ ಕುಡಿದೆ ನಾನು.

ಎಷ್ಟು ವರ್ಷವಾಯಿತು. ವರ್ಕ್‌ಶಾಪಿನ ಬೀಗ ತೆಗೆದಿದ್ದೇನೆ, ಗುಂಡುಕಲ್ಲಿನ ಹಾಗಿದ್ದೇನೆ. ನೀನೇ ಎಲ್ಲಿಗೂ ಹೋಗುವುದಿಲ್ಲ. ಇವತ್ತು ನಿನ್ನ ಗೆಳತಿಯರು ತ್ಯಾವರೆಕೊಪ್ಪದ ಸಫಾರಿಗೆ ಹೊರಟು ಬಾಗಿಲಿಗೇ ಬಂದು ಕರೆದರು. ನೀನು ಚಪ್ಪಲಿ ಮೆಟ್ಟಿ ಎಂದಿನಂತೆ ನನ್ನ ಮುಖ ನೋಡಿದೆ.

‘ಹೇಗಿದೀರಾ ರೀ?’

‘ಚೆನ್ನಾಗಿದೀನಿ, ಹೋಗೇ ಮಾರಾಯ್ತಿ!’ ಎಂದು ರೇಗಿದೆ. ನಿಜವನ್ನೇ ಹೇಳಿದ್ದೆ. ನೀನು ನಂಬಲಿಲ್ಲ, ಅವರನ್ನು ಕಳಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದೆ.

ಈಗ ಅಡುಗೆಮನೆಗೆ ಬಂದು ಇದನ್ನೆಲ್ಲ ಬಾಯಲ್ಲೇ ಹೇಳುತ್ತೇನೆ. ನನ್ನ ಕೈ ನಡುಗಿದರೆ ಆಟೋ ಕರೆಯಬೇಡ, ಸರೋಜಾ — ಅದು ಎದೆನೋವಲ್ಲ, ಭಯ.