ಶಿವಮ್ಮ ಬರೆಯದ ರಜೆ ಅರ್ಜಿ

ನಮ್ಮ ಮನೆಯ ಗೇಟಿನ ಚಿಲಕ ಎಣ್ಣೆ ಕಂಡು ಎರಡು ವರ್ಷವಾಗಿತ್ತು. ಸೋಮಾರಿತನವೆಂದು ನೀವು ನಗಬಹುದು. ಆದರೆ ಬೆಳಿಗ್ಗೆ ಎಂಟೂವರೆಗೆ ಅದು ಕಿರ್ರೆಂದಾಗಲೇ ನನಗೂ ನನ್ನ ಹೆಂಡತಿಗೂ ಸಮಾಧಾನವಾಗುತ್ತಿತ್ತು. ಮಗು ನೋಡಿಕೊಳ್ಳುವ ಶಿವಮ್ಮ ಬದನಗುಪ್ಪೆಯ ಬಸ್ಸಿಳಿದು ಬಂದರೆಂದು ಅದರ ಅರ್ಥ. ಮಗಳನ್ನು ಅವರ ಸೊಂಟಕ್ಕೆ ದಾಟಿಸಿ ಹೆಂಡತಿ ಶಾಲೆಗೂ ನಾನು ಕಚೇರಿಗೂ ಓಡುತ್ತಿದ್ದೆವು.

ಚಾಮರಾಜನಗರದ ಆ ಕಚೇರಿಯಲ್ಲಿ ನನ್ನ ಪಾಲಿಗೆ ಬಂದಿರುವುದು ಸಿಬ್ಬಂದಿಯ ರಜೆಯ ಕಡತಗಳು. ಆಕಸ್ಮಿಕ ರಜೆ, ಗಳಿಕೆ ರಜೆ, ಪರಿವರ್ತಿತ ರಜೆ, ಪರಿಮಿತ ರಜೆಗಳ ಸೂಕ್ಷ್ಮಭೇದಗಳಲ್ಲಿ ನನಗಿರುವ ಪಾಂಡಿತ್ಯ ಅಲಂಕಾರಶಾಸ್ತ್ರದಲ್ಲಿ ಇದ್ದಿದ್ದರೆ ಇಷ್ಟು ಹೊತ್ತಿಗೆ ಯಾರಾದರೂ ಶಾಲು ಹೊದಿಸಿರುತ್ತಿದ್ದರು. ಹೆಂಡತಿಯ ಆರು ತಿಂಗಳ ಹೆರಿಗೆ ರಜೆಗೆ ಅರ್ಜಿ ಬರೆದುಕೊಟ್ಟವನೂ ನಾನೇ. ನಮ್ಮ ದಾಂಪತ್ಯದಲ್ಲಿ ನಾನು ಬರೆದ ಏಕೈಕ ಭಾವಪೂರ್ಣ ಪತ್ರ ಅದೆಂದು ಆಕೆ ಈಗಲೂ ಹಂಗಿಸುತ್ತಾಳೆ.

ಯುಗಾದಿ ಕಳೆದ ವಾರ, ಸಂಜೆ ಹೊರಡುವ ಮುನ್ನ ಶಿವಮ್ಮ ಹೊಸಿಲ ಬಳಿ ನಿಂತರು. ಗುಂಡ್ಲುಪೇಟೆಗೆ ಕೊಟ್ಟ ಮಗಳಿಗೆ ಚೊಚ್ಚಲ ಹೆರಿಗೆ. ಬಾಣಂತನ ತವರಲ್ಲೇ ಆಗಬೇಕು.

“ಮೂರ್ ತಿಂಗ್ಳು ನಾನು ಅವ್ಳತ್ರನೇ ಇರ್ಬೇಕು ಸಾ. ನೀವು ಬ್ಯಾರೆಯವ್ರ ನೋಡ್ಕಬುಡಿ,” ಎಂದವರು, ನನ್ನ ಮಗಳ ತಲೆ ಸವರುತ್ತ ಮೆಲ್ಲಗೆ ಸೇರಿಸಿದರು: “ಈ ಸಂಬ್ಳ ನಿಂತೋದ್ರ ಬಾಣಂತಿಗ ಏನ್ ಬೇಯ್ಸಿ ಆಕದೋ, ನಂಗೂ ಗೊತ್ತಿಲ್ಲ.”

ನಾನೇನೆಂದೆ ಗೊತ್ತೇ? “ನೀವು ನಮ್ಮ ಮನೆಯವರೇ ಅಲ್ವಾ ಶಿವಮ್ಮ” ಎಂದು, ಒಂದು ಸೀರೆಯನ್ನೂ ಅರ್ಧ ಕೆಜಿ ತುಪ್ಪವನ್ನೂ ಉದಾರವಾಗಿ ಘೋಷಿಸಿ, ಬದಲಿಗೆ ಊರಿನಿಂದ ಯಾರನ್ನಾದರೂ ಕಳಿಸಿ ಎಂದೆ. ಮನೆಯವರು ಎನ್ನುವ ಮಾತು ಬಹಳ ಅನುಕೂಲದ್ದು. ಒಮ್ಮೆ ಆಡಿಬಿಟ್ಟರೆ ವಾರದ ರಜೆ, ಕಾಯಿಲೆ ರಜೆ, ಸಂಬಳದ ಏರಿಕೆ ಯಾವುದರ ಪ್ರಸ್ತಾಪವೂ ಬರುವುದಿಲ್ಲ. ಎರಡು ವರ್ಷದಲ್ಲಿ ಜ್ವರ ಬಂದು ಅವರು ತಪ್ಪಿಸಿದ್ದು ನಾಲ್ಕು ದಿನ. ನಾಲ್ಕಕ್ಕೂ ನಾನು ಸಂಬಳ ಹಿಡಿದಿದ್ದೆ.

ಮರುದಿನ ಮೇಜಿಗೆ ಬಂದ ಮೊದಲ ಕಡತ ಸಹೋದ್ಯೋಗಿಯೊಬ್ಬರ ಹೆರಿಗೆ ರಜೆಯದು. ‘ಪೂರ್ಣ ವೇತನದೊಂದಿಗೆ ಮಂಜೂರು ಮಾಡಬಹುದು’ ಎಂದು ಕೈ ಅಭ್ಯಾಸಬಲದಿಂದ ಬರೆಯಿತು. ಬರೆದವನಿಗೆ ನಾಚಿಕೆಯಾಯಿತು. ನನ್ನದೇ ಹೊಸಿಲಿಗೆ ಬಂದ ಅರ್ಜಿದಾರರ ಮೂಗಿಗೆ ತುಪ್ಪ ಸವರಿ ಕಳಿಸಿದ್ದೆನಲ್ಲ!

ಸಂಜೆ ಗಂಡಹೆಂಡಿರು ಕೂತು ತೀರ್ಮಾನಿಸಿದೆವು. ಮೂರು ತಿಂಗಳ ಸಂಬಳ ಪೂರ್ತಿ, ಮರಳಿದ ಮೇಲೆ ಕೆಲಸವೂ ಅವರದೇ. ಮಗುವಿಗೆ ಬೇಸಿಗೆ ರಜೆಯಲ್ಲಿ ಹೆಂಡತಿ. ಆಮೇಲೆ, ನಗದಾಗಿಸಿಕೊಳ್ಳಲೆಂದು ನಾನು ಜಿಪುಣನಂತೆ ಕೂಡಿಟ್ಟಿದ್ದ ಗಳಿಕೆ ರಜೆ.

ಮೊದಲ ತಿಂಗಳ ಸಂಬಳ ಹಿಡಿದು ನಾನೇ ಬದನಗುಪ್ಪೆಗೆ ಹೋದೆ. ಶಿವಮ್ಮ ಮೊಮ್ಮಗನಿಗೆ ಎಣ್ಣೆ ನೀವುತ್ತಿದ್ದರು, ಕೈ ಚಾಚಲಿಲ್ಲ.

“ಕೆಲ್ಸ ಮಾಡ್ದೆ ಎಂಗ ಸಾ ಇಸ್ಕಳ್ಳದು? ಪಾಪ ಅಂತ ಕೊಡ್ಬ್ಯಾಡಿ.”

“ಪಾಪ ಅಂತಲ್ಲ ಶಿವಮ್ಮ. ನಾವೂ ಹೀಗೇ ಇಸ್ಕೊಳ್ಳೋದು.”

ಅವರು ನನ್ನನ್ನೇ ನೋಡಿದರು. “ಸರ್ಕಾರ್ದವ್ರಿಗ ಮನೇಲಿದ್ರೂ ಸಂಬ್ಳ ಬತ್ತದ ಅಂತಿದ್ರು. ದಿಟ್ವೇ ಅನ್ನಿ!” ಎಂದು ನಕ್ಕು, ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು.

ನನ್ನ ಗಳಿಕೆ ರಜೆಯ ಕಥೆ ಕೇಳಬೇಡಿ. ಎರಡೂವರೆ ವರ್ಷದ ಕೂಸಿನ ಹಿಂದೆ ಓಡಿ ಮೂರನೆಯ ದಿನಕ್ಕೇ ಸೊಂಟ ಹಿಡಿಯಿತು. ಶಿವಮ್ಮನ ಸಂಬಳವನ್ನು ಏರಿಸಬೇಕೆಂಬ ಜ್ಞಾನೋದಯ ನೋವಿನ ಎಣ್ಣೆಯ ಜೊತೆಗೇ ಆಯಿತು. ಭಾನುವಾರ ರಜೆಯೆಂದೂ, ಜ್ವರಕ್ಕೆ ಸಂಬಳ ಹಿಡಿಯುವುದಿಲ್ಲವೆಂದೂ ಆಗಲೇ ಗೊತ್ತುಮಾಡಿದೆವು.

ಶಿವಮ್ಮ ಮರಳಿದ ದಿನ ಚಿಲಕ ಕಿರ್ರೆಂದಿತು. “ಇದ್ಕ ಒಂಚೂರು ಎಣ್ಣ ಬುಡಬಾರ್ದ ಸಾ?” ಎಂದು ಗದರಿ, ಮೊಮ್ಮಗನಿಗೆ ಹಚ್ಚಿ ಮಿಕ್ಕ ಹರಳೆಣ್ಣೆಯನ್ನು ತಾವೇ ತಂದು ಹಾಕಿದರು. ಈಗ ಅದು ಸದ್ದು ಮಾಡುವುದಿಲ್ಲ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಮಗಳು ಗೇಟು ಹಿಡಿದು ನಿಂತು, ಶಿವಮ್ಮನನ್ನು ಕರೆಯುವಂತೆಯೇ “ಅವ್ವ?” ಎಂದು ಕೇಳುತ್ತಾಳೆ. ಅವ್ವ ಈಗ ಮೊಮ್ಮಗನ ಹತ್ತಿರ ಇದ್ದಾಳೆ ಎನ್ನುತ್ತೇನೆ.